ಏರಿ, ತೂಬು ಮತ್ತು ಗಂಟೆಗೋಪುರ: ಸೇಯರ್ಸ್ ಕಾದಂಬರಿಯ ಸೀಮೆಯಲ್ಲಿ

ಶುಕ್ರವಾರ, ಕೇಂಬ್ರಿಡ್ಜ್

ಡೊರೊಥಿ ಎಲ್. ಸೇಯರ್ಸ್ ಅವರ ‘ದ ನೈನ್ ಟೈಲರ್ಸ್’ ಪ್ರಕಟವಾದದ್ದು 1934ರಲ್ಲಿ. ಇಂಗ್ಲೆಂಡಿನ ಹಳ್ಳಿಗಾಡಿನ ಪತ್ತೇದಾರಿ ಕಾದಂಬರಿ ಅಂದಕೂಡಲೇ ಹೂದೋಟ, ಸಂಜೆಯ ಚಹಾ, ಬಂಗಲೆಯ ಪುಸ್ತಕದ ಕೋಣೆಯಲ್ಲೊಂದು ಹೆಣ ಕಣ್ಣಮುಂದೆ ಬರುತ್ತವೆ. ಇದರ ಹಳ್ಳಿ ಬೇರೆ ಥರದ್ದು. ಎತ್ತ ನೋಡಿದರೂ ಚಪ್ಪಟೆ ನೆಲ, ಗೆರೆ ಎಳೆದಂತೆ ಓಡುವ ಕಾಲುವೆಗಳು, ಎದೆಯಲ್ಲಿ ಸದಾ ನೀರಿನ ಭಯ, ನಡುವೆ ಊರಿಗೆ ಮೀರಿದ ಒಂದು ಚರ್ಚು, ಅದರ ಗೋಪುರದಲ್ಲಿ ಎಂಟು ಗಂಟೆಗಳು. ಡಿಸೆಂಬರ್ 31ರ ರಾತ್ರಿ ಹಿಮದಲ್ಲಿ ಸೇಯರ್ಸ್ ಅವರ ಪತ್ತೇದಾರ ಲಾರ್ಡ್ ಪೀಟರ್ ವಿಮ್ಸಿಯ ಕಾರು ಹಳ್ಳಕ್ಕೆ ಇಳಿಯುತ್ತದೆ. ಆಳು ಬಂಟರ್‌ನೊಂದಿಗೆ ನಡೆದು ಊರು ಸೇರಿದವನಿಗೆ ಪಾದ್ರಿಯ ಮನೆಯಲ್ಲಿ ಆಸರೆ ಸಿಗುತ್ತದೆ. ಆ ರಾತ್ರಿ ಹೊಸ ವರ್ಷಕ್ಕೆ ಒಂಬತ್ತು ತಾಸು ಎಡೆಬಿಡದೆ ಗಂಟೆ ಬಾರಿಸಬೇಕೆಂದು ಊರವರು ಸಜ್ಜಾಗಿದ್ದಾರೆ, ಬಾರಿಸುವವರಲ್ಲಿ ಒಬ್ಬ ಫ್ಲೂ ಜ್ವರದಿಂದ ಮಲಗಿದ್ದಾನೆ. ವಿಮ್ಸಿ ಅವನ ಹಗ್ಗ ಹಿಡಿಯುತ್ತಾನೆ. ವಸಂತದಲ್ಲಿ ಈಸ್ಟರ್ ಹೊತ್ತಿಗೆ ಗೋರಿಯೊಂದನ್ನು ಅಗೆದಾಗ ಅಲ್ಲಿ ಇರಬಾರದ ಇನ್ನೊಂದು ಹೆಣ ಸಿಗುತ್ತದೆ.

ಆ ಊರು, ಫೆನ್‌ಚರ್ಚ್ ಸೇಂಟ್ ಪಾಲ್, ಕಲ್ಪನೆಯದು. ಆದರೆ ಅದನ್ನು ಕಟ್ಟಿದ ಸಾಮಗ್ರಿಯೆಲ್ಲ ಕೇಂಬ್ರಿಡ್ಜಿನ ಉತ್ತರಕ್ಕೆ ಹಬ್ಬಿರುವ ಫೆನ್ಸ್ ಎಂಬ ಜೌಗುಸೀಮೆಯಲ್ಲಿ ಚದುರಿಕೊಂಡಿದೆ. ಅದನ್ನು ಹುಡುಕಿಕೊಂಡು ಬಂದೆ, ಬೇಕೆಂದೇ ಫೆಬ್ರವರಿಯಲ್ಲಿ. ಬೇಸಿಗೆಯ ಫೆನ್ಸ್ ಈ ಕಾದಂಬರಿಗೆ ಸಲ್ಲದು.

ಅಕ್ಕನ ಮಗಳು ಇಲ್ಲೇ ಕೆಲಸದಲ್ಲಿದ್ದಾಳೆ, ಕಾರು ಅವಳದು. “ನಾನೂ ಓದಿದೆ ಚಿಕ್ಕಮ್ಮ, ಆದರೆ ಗಂಟೆಯ ಪುಟ ಬಂದಾಗಲೆಲ್ಲ ಹಾರಿಸಿಬಿಟ್ಟೆ” ಅಂದಳು. ಅವಳೊಬ್ಬಳೇ ಅಲ್ಲ. ಅಮೆರಿಕದ ವಿಮರ್ಶಕ ಎಡ್ಮಂಡ್ ವಿಲ್ಸನ್ 1945ರಲ್ಲಿ ಈ ಕಾದಂಬರಿಯ ಗಂಟೆಯ ಭಾಗವನ್ನು ವಿಶ್ವಕೋಶದ ಲೇಖನವೆಂದು ತಳ್ಳಿಹಾಕಿದ್ದ. ನನಗೆ ಅದು ಒಪ್ಪಿಗೆಯಿಲ್ಲ. ಈ ಕಾದಂಬರಿಯಲ್ಲಿ ಗಂಟೆಯೂ ನೀರೂ ಕೊಲೆಯ ಹಿಂದೆ ತೂಗುಹಾಕಿದ ಪರದೆಯಲ್ಲ. ಏನಾಯಿತು, ಯಾಕಾಯಿತು ಎಂಬುದೆಲ್ಲ ಅವುಗಳೊಳಗೇ ಇದೆ. ಹಾರಿಸಿದ ಪುಟದಲ್ಲೇ ಉತ್ತರ ಕೂತಿರುತ್ತದೆ.

ಆದ್ದರಿಂದ ಮೊದಲು ಸೇಂಟ್ ಬೆನೆಟ್ಸ್ ಚರ್ಚಿಗೆ ಹೋದೆವು. ಕಾಲೇಜುಗಳ ಮಧ್ಯೆ ಸಿಕ್ಕಿಕೊಂಡ ಚಿಕ್ಕ ಚರ್ಚು. ಅದರ ಸ್ಯಾಕ್ಸನ್ ಗೋಪುರ ಸುಮಾರು ಸಾವಿರ ವರ್ಷದ ಹಿಂದಿನದು, ಈ ಪಟ್ಟಣದಲ್ಲಿ ಅದಕ್ಕಿಂತ ಹಳೆಯ ಕಟ್ಟಡವಿಲ್ಲ. ಫೇಬಿಯನ್ ಸ್ಟೆಡ್‌ಮನ್ ಎಂಬಾತನ ಹೆಸರು ಈ ಗೋಪುರದೊಂದಿಗೆ ಸೇರಿಕೊಂಡಿದೆ. 1677ರಲ್ಲಿ ‘ಕ್ಯಾಂಪನಾಲಜಿಯಾ’ ಎಂಬ ಪುಸ್ತಕ ಪ್ರಕಟಿಸಿ ಗಂಟೆ ಬಾರಿಸುವ ಲೆಕ್ಕವನ್ನು ಶಾಸ್ತ್ರವಾಗಿಸಿದವನು ಅವನು.

ಲೆಕ್ಕ ಹೀಗಿದೆ. ಇಂಗ್ಲೆಂಡಿನ ಗೋಪುರಗಳಲ್ಲಿ ಗಂಟೆಯನ್ನು ದೊಡ್ಡ ಚಕ್ರಕ್ಕೆ ಕಟ್ಟಿರುತ್ತಾರೆ. ಹಗ್ಗ ಎಳೆದಾಗ ಗಂಟೆ ಬಾಯಿ ಮೇಲಾಗಿ ನಿಂತು, ಒಂದು ಸುತ್ತು ಪೂರ್ತಿ ತಿರುಗಿ, ಮತ್ತೆ ಬಾಯಿ ಮೇಲಾಗಿ ನಿಲ್ಲುತ್ತದೆ. ನೂರಾರು ಕಿಲೋ ಕಂಚು ತಿರುಗುವಾಗ ಅದನ್ನು ಇಷ್ಟಬಂದಂತೆ ಓಡಿಸಲು ನಿಲ್ಲಿಸಲು ಆಗದು, ಒಂದಿಷ್ಟು ಬೇಗ ಇಲ್ಲವೇ ಒಂದಿಷ್ಟು ತಡ ಮಾಡಬಹುದು. ಎಲ್ಲ ಗಂಟೆಗಳೂ ಒಂದೊಂದು ಸಲ ಮೊಳಗಿದರೆ ಒಂದು ಸಾಲು. ಹಾಗಾಗಿ ಒಂದು ಸಾಲಿನಿಂದ ಮುಂದಿನ ಸಾಲಿಗೆ ಪ್ರತಿ ಗಂಟೆಯೂ ಒಂದೇ ಒಂದು ಸ್ಥಾನ ಹಿಂದೆ ಮುಂದೆ ಸರಿಯಬಲ್ಲದು, ಇಲ್ಲವೇ ಇದ್ದಲ್ಲೇ ಇರಬೇಕು. ಈ ಕಟ್ಟಿನೊಳಗೆ, ಒಮ್ಮೆ ಬಾರಿಸಿದ ಸಾಲು ಇನ್ನೊಮ್ಮೆ ಬಾರದಂತೆ ಮುಂದೆ ಮುಂದೆ ಹೋಗುವುದೇ ಕಲೆ. ಹಾಡಿಲ್ಲ, ರಾಗವಿಲ್ಲ, ನಮ್ಮ ಮೃದಂಗದ ತನಿ ಆವರ್ತನದಂತೆ ಲೆಕ್ಕವೇ ರಸವಾಗಬೇಕು. ಎಂಟು ಗಂಟೆಗಳನ್ನು 40,320 ರೀತಿಯಲ್ಲಿ ಜೋಡಿಸಬಹುದು. ಲಫ್‌ಬರೋದಲ್ಲಿ 1963ರಲ್ಲಿ ಎಂಟು ಜನ ಅಷ್ಟನ್ನೂ ಒಂದೇ ಉಸಿರಿಗೆ, ಹೆಚ್ಚುಕಡಿಮೆ ಹದಿನೆಂಟು ತಾಸಿನಲ್ಲಿ ಬಾರಿಸಿ ಮುಗಿಸಿದರು. ವಿಮ್ಸಿ ಸೇರಿಕೊಂಡ ಆ ರಾತ್ರಿಯ ಲೆಕ್ಕ 15,840 ಸಾಲು.

ಇದನ್ನೆಲ್ಲ ಬರೆದ ಸೇಯರ್ಸ್ ಆಗ ಗಂಟೆ ಬಾರಿಸಿದವರಲ್ಲ. ಅವರಿಗೆ ದಾರಿ ತೋರಿಸಿದ್ದು ಚಾರ್ಲ್ಸ್ ಟ್ರಾಯ್ಟ್ ಎಂಬುವರ ಹಳೆಯ ಕೈಪಿಡಿ. ಅಧ್ಯಾಯಗಳ ನೆತ್ತಿಯ ಮೇಲೆ ಅದರ ಸಾಲುಗಳನ್ನೇ ಇಟ್ಟಿದ್ದಾರೆ. ಲೆಕ್ಕ ಪಳಗಲು ಎಷ್ಟು ಕಾಲ ಹಿಡಿಯಿತೆಂದರೆ, ನಡುವೆ ಇದನ್ನು ಬದಿಗಿಟ್ಟು ತಾವು ಕೆಲಸ ಮಾಡಿದ್ದ ಜಾಹೀರಾತು ಕಂಪನಿಯ ಬದುಕನ್ನಿಟ್ಟುಕೊಂಡು ಬೇರೊಂದು ಕಾದಂಬರಿಯನ್ನೇ ಬರೆದು ಮುಗಿಸಿದರು.

ಶನಿವಾರ, ಬ್ಲಂಟಿಶಮ್, ಎರಿತ್, ಹೋಮ್ ಫೆನ್

ಬೆಳಿಗ್ಗೆ ಬ್ಲಂಟಿಶಮ್. ಸೇಯರ್ಸ್ ಹುಟ್ಟಿದ್ದು 1893ರಲ್ಲಿ ಆಕ್ಸ್‌ಫರ್ಡ್‌ನಲ್ಲಿ. ನಾಲ್ಕು ವರ್ಷದ ಮಗುವಾಗಿದ್ದಾಗ ತಂದೆ ಹೆನ್ರಿ ಸೇಯರ್ಸ್ ಈ ಊರಿಗೆ ಪಾದ್ರಿಯಾಗಿ ಬಂದರು. ಪಾದ್ರಿಮನೆ ಈಗ ಖಾಸಗಿಯವರದು, ರಸ್ತೆಯಿಂದ ನೋಡಿ ಮುಂದೆ ಹೋದೆವು. ಹಾದಿಯ ಪಕ್ಕ ಹುಲ್ಲಿನಲ್ಲಿ ವಿಂಟರ್ ಅಕೊನೈಟ್ ಹೂ ಹಳದಿಯಾಗಿ ಹರಡಿತ್ತು. ಮೊದಲ ಸಲ ಈ ಮನೆಗೆ ಬಂದಾಗ ಕಂಡ ಇದೇ ಹೂವನ್ನು ಸೇಯರ್ಸ್ ದೊಡ್ಡವರಾದ ಮೇಲೂ ನೆನೆಸಿಕೊಂಡಿದ್ದರು.

ಚರ್ಚಿನ ಅಂಗಳದಲ್ಲಿ ನಿಂತರೆ ಊರಿನ ನೆಲೆ ಅರ್ಥವಾಗುತ್ತದೆ. ಊರು ಒಂದಿಷ್ಟು ದಿಬ್ಬದ ಮೇಲಿದೆ, ಪೂರ್ವಕ್ಕೆ ನೆಲ ಇಳಿದು ಫೆನ್ ಶುರುವಾಗುತ್ತದೆ. ಮಗು ಬೆಳೆದದ್ದು ಜೌಗಿನ ದಂಡೆಯ ಮೇಲೆ. ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಏರಿತು, ಯಾವ ಏರಿ ಸೋರುತ್ತಿದೆ, ಪಾದ್ರಿಯ ಮನೆಗೆ ಯಾರು ಸಹಾಯ ಕೇಳಿ ಬಂದರು, ಇವು ಆ ಮನೆಯ ದಿನನಿತ್ಯದ ಮಾತಾಗಿದ್ದಿರಬೇಕು. ಕಾದಂಬರಿಯ ಪಾದ್ರಿ ವೆನಬಲ್ಸ್‌ಗೆ ಕನ್ನಡಕ ಎಲ್ಲಿಟ್ಟೆನೆಂದು ನೆನಪಿರುವುದಿಲ್ಲ, ಊರಿನ ಪ್ರತಿ ಮನೆಯ ಕಷ್ಟ ನೆನಪಿರುತ್ತದೆ. ಅವರಲ್ಲಿ ಮಗಳು ಕಂಡ ತಂದೆ ಇದ್ದಾರೆಂದು ನನಗೆ ಅನ್ನಿಸುತ್ತದೆ.

ಅಲ್ಲಿಂದ ಕೂಗಳತೆಯಲ್ಲಿ ಎರಿತ್. ಫೆನ್ಸ್‌ನ ಇತಿಹಾಸ ನೋಡಬೇಕೆಂದರೆ ಇಲ್ಲಿಂದ ಶುರುಮಾಡಬೇಕು. 1630ರಲ್ಲಿ ಬೆಡ್‌ಫರ್ಡ್‌ನ ಅರ್ಲ್ ಮತ್ತು ಹದಿಮೂರು ಜನ ಹಣ ಹೂಡಿ, ಡಚ್ ಇಂಜಿನಿಯರ್ ಕಾರ್ನೇಲಿಯಸ್ ವರ್ಮಾಯ್ಡನ್‌ನನ್ನು ಕರೆಸಿ, ಜೌಗನ್ನು ಬಸಿದು ಹೊಲ ಮಾಡಲು ಹೊರಟರು. ಸುತ್ತಿ ಬಳಸಿ ಹರಿಯುತ್ತಿದ್ದ ಊಸ್ ನದಿಯ ನೀರನ್ನು ಎರಿತ್‌ನಿಂದ ಡೆನ್ವರ್‌ವರೆಗೆ ಸುಮಾರು ಮೂವತ್ತಮೂರು ಕಿಲೋಮೀಟರ್ ನೆಟ್ಟಗೆ ಕಡಿದು ಒಯ್ದರು. ಮೊದಲ ಕಾಲುವೆ 1637ರಲ್ಲಿ, ಅದಕ್ಕೆ ಸಮಾನಾಂತರವಾದ ಎರಡನೆಯದು 1651ರಲ್ಲಿ. ಎರಡನೆಯದರ ಮಣ್ಣು ಹೊತ್ತವರಲ್ಲಿ ಡನ್‌ಬಾರ್ ಕದನದಲ್ಲಿ ಸೆರೆಸಿಕ್ಕ ಸ್ಕಾಟ್ ಸೈನಿಕರೂ ಇದ್ದರು. ಮೀನು, ಹಕ್ಕಿ, ಆಪು ಹುಲ್ಲು ನಂಬಿ ಬದುಕಿದ್ದ ಜೌಗಿನ ಜನ ಇದನ್ನು ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ರಾತ್ರಿ ಬಂದು ಏರಿ ಒಡೆದರು. ಸೇತುವೆಯ ಮೇಲೆ ನಿಂತರೆ ಎರಡೂ ಕಾಲುವೆಗಳು ಆಕಾಶದ ಅಂಚಿನವರೆಗೂ ಅಂಕುಡೊಂಕಿಲ್ಲದೆ ಹೋಗುವುದು ಕಾಣುತ್ತದೆ. ನಾನು ನೋಡಿದ ಯಾವ ನದಿಯೂ ಹೀಗಿರಲಿಲ್ಲ.

ಮಧ್ಯಾಹ್ನ ಪಶ್ಚಿಮಕ್ಕೆ, ಹೋಮ್ ಫೆನ್‌ಗೆ. ಬರ್ಚ್ ಮರಗಳ ಕಾಡಿನೊಳಗೆ ಒಂದು ಕಬ್ಬಿಣದ ಕಂಬ ನಿಂತಿದೆ. 1851ರಲ್ಲಿ ಇಲ್ಲಿನ ವಿಟಲ್ಸಿ ಮಿಯರ್ ಎಂಬ ದೊಡ್ಡ ಸರೋವರವನ್ನು ಬತ್ತಿಸುವಾಗ ಈ ಕಂಬವನ್ನು ಪೂರ್ತಿ ನೆಲದೊಳಗೆ ಇಳಿಸಿ, ತುದಿಯನ್ನು ನೆಲಮಟ್ಟಕ್ಕೆ ನಿಲ್ಲಿಸಿದ್ದರು. ನೀರು ಹೋದಮೇಲೆ ಪೀಟ್ ಮಣ್ಣು ಒಣಗಿ, ಕುಗ್ಗಿ, ಗಾಳಿಗೆ ಹಾರಿ, ನೆಲವೇ ಇಳಿಯಿತು. ಈಗ ಕಂಬ ಸುಮಾರು ನಾಲ್ಕು ಮೀಟರ್ ಹೊರಗಿದೆ. ನಾನು ಅದರ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿದೆ. ನನ್ನ ಕಾಲಡಿಯಿಂದ ಎರಡಾಳು ಎತ್ತರದಲ್ಲಿ ಹಿಂದಿನವರ ನೆಲವಿತ್ತು. ಸಮುದ್ರಮಟ್ಟಕ್ಕಿಂತ ಎರಡೂವರೆ ಮೀಟರಿಗೂ ಕೆಳಗಿರುವ ಈ ಜಾಗ ಬ್ರಿಟನ್ನಿನಲ್ಲೇ ಅತಿ ತಗ್ಗಿನದು.

ಸರೋವರ ಬತ್ತಿದಾಗ ತಳದ ಕೆಸರಿನಲ್ಲಿ ರ್‍ಯಾಮ್ಸಿ ಮಠದ ಬೆಳ್ಳಿಯ ಧೂಪಪಾತ್ರೆಗಳು ಸಿಕ್ಕವು. ಹದಿನಾಲ್ಕನೇ ಶತಮಾನದ ಆ ಪಾತ್ರೆಗಳು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿವೆ. ಕಾದಂಬರಿಯಲ್ಲಿರುವಂತೆ, ಕಳುವಾದ ಪಚ್ಚೆಯ ಹಾರವೊಂದು ವರ್ಷಗಟ್ಟಲೆ ಕಣ್ಮರೆಯಾಗುವ ಕಥೆಗೆ ಈ ಸೀಮೆ ತಕ್ಕದ್ದು.

ರಾತ್ರಿ ಈಲಿಯಲ್ಲಿ ತಂಗಿದೆವು.

ಭಾನುವಾರ, ಒಂದು ಹಳ್ಳಿಯ ಗೋಪುರ, ಮಾರ್ಚ್, ಅಪ್‌ವೆಲ್

ಈಲಿಯ ಸಮೀಪದ ಹಳ್ಳಿಯೊಂದರ ಗಂಟೆ ಬಾರಿಸುವವರು, ಮೊದಲೇ ಕಾಗದ ಬರೆದು ಕೇಳಿಕೊಂಡಿದ್ದರಿಂದ, ಪ್ರಾರ್ಥನೆಗೆ ಮುಂಚೆ ಬರಲು ಹೇಳಿದ್ದರು. ಕಲ್ಲಿನ ಸುರುಳಿ ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಭುಜ ಎರಡೂ ಕಡೆ ತಾಗುತ್ತದೆ. ಮೇಲೊಂದು ಚೌಕ ಕೋಣೆ. ಚಾವಣಿಯ ತೂತುಗಳಿಂದ ಆರು ಹಗ್ಗಗಳು ಇಳಿದಿವೆ, ಪ್ರತಿ ಹಗ್ಗದಲ್ಲೂ ಕೈ ಹಿಡಿಯುವ ಕಡೆ ಬಣ್ಣದ ಉಣ್ಣೆಯ ದಪ್ಪ ಪಟ್ಟಿ. ಗೋಡೆಯ ಮೇಲೆ ಮರದ ಹಲಗೆಗಳು: ಯಾವ ವರ್ಷ ಯಾರು ಯಾರು ಸೇರಿ ಎಷ್ಟು ಸಾಲು ಬಾರಿಸಿದರೆಂಬ ದಾಖಲೆ. ಬಂದವರಲ್ಲಿ ನಿವೃತ್ತರಿದ್ದರು, ಒಬ್ಬ ರೈತ, ಶಾಲೆಗೆ ಹೋಗುವ ಒಬ್ಬ ಹುಡುಗ. ಯಾರ ಮುಂದೆಯೂ ಚೀಟಿಯಿಲ್ಲ, ಎಲ್ಲ ತಲೆಯಲ್ಲೇ.

“ಲುಕ್ ಟು” ಅಂದರು ಮುಖ್ಯಸ್ಥೆ. ಎಲ್ಲರೂ ಹಗ್ಗ ಹಿಡಿದರು. “ಟ್ರೆಬಲ್ಸ್ ಗೋಯಿಂಗ್... ಶೀಸ್ ಗಾನ್.” ಟ್ರೆಬಲ್ ಅಂದರೆ ಎಲ್ಲಕ್ಕಿಂತ ಚಿಕ್ಕ ಗಂಟೆ. ಮೊದಲು ಚಿಕ್ಕ ಗಂಟೆಯಿಂದ ದೊಡ್ಡದರವರೆಗೆ ಕ್ರಮವಾಗಿ ಇಳಿಯುವ ಸಾಲು, ಮತ್ತೆ ಮತ್ತೆ ಅದೇ. ಆಮೇಲೆ ಒಂದು ಮಾತಿನ ಸೂಚನೆ, ಸಾಲು ಒಡೆಯಿತು. ಎರಡನೆಯದು ಮೂರನೆಯದನ್ನು ದಾಟಿತು, ಐದನೆಯದು ಮುಂದಕ್ಕೆ ಬಂತು. ನಮಗೆ ಗೊಂದಲವೆನಿಸಿದ್ದು ಅವರ ಮುಖದಲ್ಲಿ ಕಾಣಲಿಲ್ಲ. ಒಬ್ಬರು ಇನ್ನೊಬ್ಬರ ಹಗ್ಗವನ್ನು ಕಣ್ಣಂಚಿನಲ್ಲೇ ನೋಡುತ್ತ, ಯಾರ ಹಿಂದೆ ತಾನು ಬರಬೇಕೆಂದು ಕಾಯುತ್ತ ಎಳೆಯುತ್ತಿದ್ದರು. ಬೆನ್ನು ಗೋಡೆಗೆ ಆನಿಸಿದಾಗ ಗೋಪುರ ಅಲುಗುತ್ತಿರುವುದು ತಿಳಿಯಿತು. ಇಡೀ ಕಲ್ಲಿನ ಗೋಪುರ, ಸಣ್ಣಗೆ, ಆಚೆ ಈಚೆ.

ಬಾರಿಸುವುದು ನಿಂತ ಮೇಲೆ ಅಕ್ಕನ ಮಗಳು ಕೇಳಿದ ಮೊದಲ ಪ್ರಶ್ನೆ: ಬಾರಿಸುವಾಗ ಮೇಲೆ ಗಂಟೆಗಳ ಕೋಣೆಯಲ್ಲಿ ಯಾರಾದರೂ ಇದ್ದರೆ? ಮುಖ್ಯಸ್ಥೆ ತಲೆಯಾಡಿಸಿದರು. ಯಾರನ್ನೂ ಬಿಡುವುದಿಲ್ಲ, ಗಂಟೆಗಳು ಬಾಯಿ ಮೇಲಾಗಿ ನಿಂತಿರುವಾಗ ಆ ಬಾಗಿಲನ್ನೇ ತೆಗೆಯುವುದಿಲ್ಲ ಅಂದರು. ಕಾದಂಬರಿ ಓದಿದವರಿಗೆ ಈ ಪ್ರಶ್ನೆಯ ತೂಕ ಗೊತ್ತು. ಓದದವರಿಗಾಗಿ ಇಲ್ಲಿಗೆ ಬಿಡುತ್ತೇನೆ.

ಯಾರಾದರೂ ತೀರಿಕೊಂಡಾಗ ಗಂಟೆಯ ನಾಲಿಗೆಯ ಒಂದು ಬದಿಗೆ ತೊಗಲು ಕಟ್ಟಿ ಬಾರಿಸುತ್ತಾರಂತೆ, ಒಂದು ಸಲ ಗಟ್ಟಿಯಾಗಿ, ಒಂದು ಸಲ ಮಂಕಾಗಿ ಕೇಳುವಂತೆ. ಹಳೆಯ ಪದ್ಧತಿಯಲ್ಲಿ ಊರಿನ ಗಂಡಸು ಸತ್ತರೆ ದೊಡ್ಡ ಗಂಟೆಯಲ್ಲಿ ಒಂಬತ್ತು ಬಡಿತ, ಆಮೇಲೆ ವಯಸ್ಸಿನಷ್ಟು ಬಡಿತ. ಕಾದಂಬರಿಯ ಶೀರ್ಷಿಕೆ ಆ ಒಂಬತ್ತರದು. ಹೊಲದಲ್ಲಿದ್ದವನು ಎಣಿಸಿ ಯಾರು ಹೋದರೆಂದು ಊಹಿಸುತ್ತಿದ್ದ. ಇಂಥ ಊರಿನಲ್ಲಿ ಹೆಸರಿಲ್ಲದ, ವಯಸ್ಸು ತಿಳಿಯದ ಹೆಣ ಸಿಕ್ಕರೆ ಅದು ಪೊಲೀಸರಿಗಷ್ಟೇ ಅಲ್ಲ, ಗಂಟೆಗೂ ಸಮಸ್ಯೆ. ನಮ್ಮ ದೇಶದಲ್ಲಿ ಹೀಗೆ ಚಕ್ರಕ್ಕೆ ಕಟ್ಟಿದ ಎಂಟು ಗಂಟೆಗಳು ಪುಣೆಯ ಪಂಚಹೌದ ಚರ್ಚಿನಲ್ಲಿವೆ ಎಂದು ಹೇಳಿದಾಗ ಆ ರೈತನ ಮುಖ ಅರಳಿತು.

ಅಲ್ಲಿಂದ ಮಾರ್ಚ್ ಪಟ್ಟಣದ ಸೇಂಟ್ ವೆಂಡ್ರೆಡಾ ಚರ್ಚು. ಒಳಗೆ ಹೋಗಿ ತಲೆ ಎತ್ತಿದರೆ ಚಾವಣಿಯ ಓಕ್ ತೊಲೆಗಳ ತುದಿಯಲ್ಲೆಲ್ಲ ರೆಕ್ಕೆ ಬಿಚ್ಚಿದ ದೇವದೂತರು, ನೂರಕ್ಕೂ ಹೆಚ್ಚು. ಐನೂರು ವರ್ಷದ ಮರಗೆಲಸ. ಸುತ್ತಲಿನ ನೆಲದಲ್ಲಿ ಒಂದು ಗುಡ್ಡವೂ ಇಲ್ಲದ ಜನ ಎತ್ತರವನ್ನೆಲ್ಲ ಚರ್ಚಿನೊಳಗೆ ಕಟ್ಟಿಕೊಂಡರು ಅನ್ನಿಸಿತು. ಅಪ್‌ವೆಲ್‌ನ ಸೇಂಟ್ ಪೀಟರ್ ಚರ್ಚಿನಲ್ಲಿ ಇನ್ನೂ ಒಂದು ಅನುಕೂಲವಿದೆ: ಮರದ ಮೇಲಂಕಣ ಉಳಿದಿರುವುದರಿಂದ ದೇವದೂತರನ್ನು ಹತ್ತಿರದಿಂದ ನೋಡಬಹುದು. ಮುಖಗಳು ಒಂದರಂತೆ ಒಂದಿಲ್ಲ. ಫೆನ್‌ಚರ್ಚ್ ಸೇಂಟ್ ಪಾಲ್‌ಗೂ ಇಂಥದೇ ಚಾವಣಿ. ಸೇಯರ್ಸ್ ಅದನ್ನು ಮಾತಿನಲ್ಲಷ್ಟೇ ಕಟ್ಟಲಿಲ್ಲ, ಡಬ್ಲ್ಯೂ. ಜೆ. ರೆಡ್‌ಹೆಡ್ ಅವರಿಂದ ಚರ್ಚಿನ ವಿನ್ಯಾಸ ಮಾಡಿಸಿಕೊಂಡು ಮುನ್ನುಡಿಯಲ್ಲಿ ಅವರಿಗೆ ಕೃತಜ್ಞತೆ ಹೇಳಿದ್ದಾರೆ. ಯಾವ ಕಂಬದ ಪಕ್ಕ ನಿಂತರೆ ಏನು ಕಾಣುತ್ತದೆ ಎಂಬುದು ಆ ಕಥೆಯಲ್ಲಿ ಸಾಕ್ಷ್ಯವಾಗುತ್ತದೆ.

ಮಾರ್ಚ್ ಮತ್ತು ಅಪ್‌ವೆಲ್ ನಡುವೆ ಕ್ರೈಸ್ಟ್‌ಚರ್ಚ್ ಎಂಬ ಪುಟ್ಟ ಊರಿನಲ್ಲೂ ಇಳಿದೆವು. 1917ರಲ್ಲಿ ಸೇಯರ್ಸ್ ತಂದೆ ಇಲ್ಲಿಗೆ ಬಂದರು, 1928ರಲ್ಲಿ ತೀರಿಕೊಳ್ಳುವವರೆಗೂ ಇದ್ದರು. ಮರುವರ್ಷ ತಾಯಿಯೂ ಹೋದರು. ಕಾದಂಬರಿ ಬಂದದ್ದು ಅದಾದ ಐದು ವರ್ಷಕ್ಕೆ. ಪಾದ್ರಿಯ ಮನೆಯ ಆ ಬೆಚ್ಚನೆಯ ಅಧ್ಯಾಯಗಳನ್ನು ಓದುವಾಗ ಈ ವರ್ಷಗಳು ನನ್ನ ಮನಸ್ಸಿನಲ್ಲಿರುತ್ತವೆ.

ವಾಪಸು ಬರುವಾಗ ಕತ್ತಲಾಗಿತ್ತು. ವೆಲ್ನಿ ಮೇಲೆ ಹೋಗೋಣವೆಂದರೆ ರಸ್ತೆ ಮುಚ್ಚಿದ ಫಲಕ: ನೀರು ರಸ್ತೆ ಹತ್ತಿದೆ. ಬಹುತೇಕ ಪ್ರತಿ ಚಳಿಗಾಲ ಹೀಗಾಗುತ್ತದೆ. ಮೀಪಲ್ ಕಡೆ ಸುತ್ತುಹಾಕಿದೆವು. ಪೀಟ್ ಕುಗ್ಗಿ ರಸ್ತೆಗಳು ಅಲೆಅಲೆಯಾಗಿವೆ, ಎರಡೂ ಬದಿ ಕಾಲುವೆ, ತಡೆಗೋಡೆಯಿಲ್ಲ. ವಿಮ್ಸಿಯ ಕಾರು ಯಾಕೆ ಹಳ್ಳಕ್ಕೆ ಇಳಿಯಿತೆಂದು ಯಾರೂ ವಿವರಿಸಬೇಕಾಗಿರಲಿಲ್ಲ. ಊಟ ಮುಗಿಸಿ ಮಗಳು ಮೊದಲ ಅಧ್ಯಾಯ ತೆಗೆದು ಕೂತಳು.

ಸೋಮವಾರ, ವೆಲ್ನಿ, ಡೆನ್ವರ್

ವೆಲ್ನಿಯ ಪಕ್ಷಿಧಾಮಕ್ಕೆ ಲಿಟಲ್‌ಪೋರ್ಟ್ ಕಡೆಯಿಂದ ಹೋಗಬಹುದು. ಎರಿತ್‌ನಲ್ಲಿ ಕಂಡ ಆ ಎರಡು ಬೆಡ್‌ಫರ್ಡ್ ಕಾಲುವೆಗಳ ನಡುವಿನ ಹುಲ್ಲುಗಾವಲನ್ನು ಪ್ರವಾಹದ ನೀರಿಗೆಂದೇ ಬಿಟ್ಟಿದ್ದಾರೆ. ಬೇಸಿಗೆಯಲ್ಲಿ ದನ ಮೇಯುವ ನೆಲ, ಚಳಿಗಾಲದಲ್ಲಿ ಕಣ್ಣು ಹಾಯುವಷ್ಟೂ ನೀರು. ಐಸ್‌ಲೆಂಡ್‌ನಿಂದ ಬಂದ ಹೂಪರ್ ಹಂಸಗಳು ಅದರ ತುಂಬ. ನೋಡುತ್ತ ಬಹಳ ಹೊತ್ತು ನಿಂತೆವು.

“ಚಿಕ್ಕಮ್ಮ, ಪುಸ್ತಕ ನಡುವಿನಲ್ಲಿ ಸೊರಗುತ್ತಲ್ಲ?” ಅಂದಳು ದಾರಿಯಲ್ಲಿ. ನಿಜ. ತನಿಖೆ ಫ್ರಾನ್ಸಿಗೆ ದಾಟಿದಾಗ ಕಥೆ ಸಪ್ಪೆಯಾಗುತ್ತದೆ. ಸಂಕೇತಲಿಪಿಯ ಭಾಗವೂ ನನಗೆ ಉದ್ದವೆನಿಸುತ್ತದೆ, ಆದರೂ ಅದರ ಬೀಗದಕೈ ಗಂಟೆಯ ಲೆಕ್ಕದಲ್ಲಿರುವುದರಿಂದ ಕ್ಷಮಿಸುತ್ತೇನೆ. ಈ ನೆಲಕ್ಕೆ ಮರಳಿದ ಕೂಡಲೇ ಬರವಣಿಗೆಗೆ ಉಸಿರು ಬರುತ್ತದೆ.

ಡೆನ್ವರ್ ಹೆಸರು ಸೇಯರ್ಸ್ ಓದುಗರಿಗೆ ಹೊಸದಲ್ಲ, ವಿಮ್ಸಿಯ ಅಣ್ಣ ಡೆನ್ವರ್‌ನ ಡ್ಯೂಕ್. ನಾವು ಬಂದದ್ದು ತೂಬು ನೋಡಲು. ಸಮುದ್ರದ ಉಬ್ಬರ ನದಿಯಲ್ಲಿ ಇಲ್ಲಿಯವರೆಗೂ ಏರಿ ಬರುತ್ತದೆ. ಉಬ್ಬರದಲ್ಲಿ ಬಾಗಿಲು ಮುಚ್ಚಿ ಸಮುದ್ರವನ್ನು ತಡೆಯಬೇಕು, ಇಳಿತದಲ್ಲಿ ತೆಗೆದು ಒಳನಾಡಿನ ನೀರನ್ನು ಬಿಡಬೇಕು. ಹೊಲಗಳು ನದಿಗಿಂತ ತಗ್ಗಿನಲ್ಲಿವೆ, ಅವುಗಳ ನೀರನ್ನು ಪಂಪಿನಿಂದ ಮೇಲೆತ್ತಿ ನದಿಗೆ ಸುರಿಯುತ್ತಾರೆ. ಮೇಲ್ನಾಡಿನ ಮಳೆ ಮತ್ತು ದೊಡ್ಡ ಉಬ್ಬರ ಒಂದೇ ದಿನ ಬಂದರೆ ನೀರಿಗೆ ಹೋಗಲು ಜಾಗವಿಲ್ಲ. ವರ್ಮಾಯ್ಡನ್ 1651ರಲ್ಲಿ ಕಟ್ಟಿದ ತೂಬು 1713ರಲ್ಲಿ ಹಾಗೆಯೇ ಕುಸಿಯಿತು. ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಇಂಜಿನಿಯರ್ ಲಾಬೆಲಿ 1750ರ ಹೊತ್ತಿಗೆ ಮತ್ತೆ ಕಟ್ಟಿದ, 1834ರಲ್ಲಿ ಸರ್ ಜಾನ್ ರೆನಿ ಈಗಿನದನ್ನು ಕಟ್ಟಿದ. ಅದಕ್ಕೆ ಹೊಂದಿಕೊಂಡು ಇಪ್ಪತ್ತನೇ ಶತಮಾನದ ಉಕ್ಕಿನ ಬಾಗಿಲುಗಳಿವೆ.

ಕಾದಂಬರಿಯಲ್ಲೊಬ್ಬ ತೂಬು ಕಾಯುವವನು ಬರುತ್ತಾನೆ. ಬಾಗಿಲು ಶಿಥಿಲವಾಗಿದೆ. ರಿಪೇರಿ ಯಾರದ್ದೆಂದು ಕೇಳಿದರೆ ಒಂದು ಮಂಡಳಿ ಇನ್ನೊಂದರ ಕಡೆ ಕೈ ತೋರಿಸುತ್ತದೆ, ಅದು ಮತ್ತೊಂದರ ಕಡೆ. ಮೊದಲ ಓದಿನಲ್ಲಿ ಇದು ಬರಿಯ ಊರಮಾತು ಎನ್ನಿಸುತ್ತದೆ. ಕೊಲೆಯ ಗಂಟು ಬಿಚ್ಚುವ ಹೊತ್ತಿಗೆ ಅದೇ ಬಾಗಿಲು ಹೋಗುತ್ತದೆ. ಗೋಪುರದ ಗಂಟೆಗಳು ಅಪಾಯದ ಕರೆಯಾಗಿ ಮೊಳಗುತ್ತವೆ, ಮರೆಗುಳಿ ಪಾದ್ರಿ ಇಡೀ ಊರನ್ನು ಚರ್ಚಿನೊಳಗೆ ಸೇರಿಸಿ ಊಟ, ಹಾಸಿಗೆ, ಮಕ್ಕಳ ಪಾಠ, ದನಕರುಗಳ ವ್ಯವಸ್ಥೆಯವರೆಗೆ ಎಲ್ಲ ನಿಭಾಯಿಸುತ್ತಾರೆ. ಕಳುವಾದ ಹಾರದ ಗಂಟು ಬಿಚ್ಚಿದಮೇಲೂ ಪುಸ್ತಕ ಮುಗಿಯದಿರುವುದು, ನೀರು ಇಳಿಯುವವರೆಗೂ ನಡೆಯುವುದು, ನನಗೆ ಅದರ ದೊಡ್ಡತನ.

ಪುಸ್ತಕ ಬಂದ ಹದಿಮೂರು ವರ್ಷಕ್ಕೆ, 1947ರ ಮಾರ್ಚಿನಲ್ಲಿ, ಹಿಮ ಕರಗಿದ ನೀರು, ಮಳೆ, ಬಿರುಗಾಳಿ ಒಟ್ಟಿಗೆ ಬಂದು ಫೆನ್ಸ್‌ನ ಏರಿಗಳು ಒಡೆದವು. ಬಿರುಕು ಮುಚ್ಚಲು ಸೇನೆಯನ್ನು ಕರೆಸಬೇಕಾಯಿತು. 1953ರ ಜನವರಿ ಕೊನೆಯಲ್ಲಿ ಉತ್ತರ ಸಮುದ್ರವೇ ಉಕ್ಕಿ ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ 307 ಜನ ಸತ್ತರು. ಆಮೇಲೆ ಡೆನ್ವರ್‌ನಿಂದ ಸಮುದ್ರದ ಕಡೆಗೆ ಪ್ರವಾಹದ ನೀರಿಗೆಂದೇ ಬೇರೆ ಕಾಲುವೆ ತೋಡಿದರು, ಪೂರ್ವದ ಉಪನದಿಗಳ ನೀರನ್ನು ದಾರಿಯಲ್ಲೇ ಹಿಡಿದು ತರುವ ಇನ್ನೊಂದನ್ನು ಸೇರಿಸಿದರು. ಇಡೀ ಯೋಜನೆ ಮುಗಿದದ್ದು 1964ರಲ್ಲಿ. ಸೇಯರ್ಸ್ 1957ರ ಡಿಸೆಂಬರಿನಲ್ಲೇ ತೀರಿಕೊಂಡಿದ್ದರು.

ಇಳಿತ ಶುರುವಾಗುವವರೆಗೂ ಏರಿಯ ಮೇಲೆ ನಡೆದಾಡಿ, ಡೌನ್‌ಹ್ಯಾಮ್ ಮಾರ್ಕೆಟ್ ನಿಲ್ದಾಣದಲ್ಲಿ ನಾನು ಲಂಡನ್ ರೈಲು ಹತ್ತಿದೆ. ಆ ಹಳ್ಳಿಯ ಗೋಪುರದಲ್ಲಿ ಹೊಸಬರಿಗೆ ಬುಧವಾರ ಸಂಜೆ ಅಭ್ಯಾಸವಿದೆಯಂತೆ, ಮಗಳು ಹೋಗುತ್ತೇನೆ ಅಂದಿದ್ದಾಳೆ.